ಸಹಾಯ ಬೇಕು: ಅಪ್ಪನ ಕಾಲಿನ ಕೀವನ್ನು ಪರೀಕ್ಷೆಗೆ ಎಲ್ಲಿಗೆ ಕಳಿಸಲಿ?

ನಮ್ಮದು ಸೋಮವಾರಪೇಟೆ ಕಡೆಯ ಊರು. ಸಕ್ಕರೆ ಕಾಯಿಲೆಯಿರುವ ಅಪ್ಪನಿಗೆ ಕಾಫಿ ತೋಟದಲ್ಲಿ ಮುಳ್ಳು ಚುಚ್ಚಿ ಪಾದ ಹುಣ್ಣಾಗಿದೆ. ಪಟ್ಟಿ ಬಿಚ್ಚಿದರೆ ಕೊಳೆತ ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಹತ್ತು ದಿನ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಮಾತ್ರೆ ಕೊಟ್ಟರೂ ಕೀವು ನಿಂತಿಲ್ಲ. ಹತ್ತಿಯ ಕಡ್ಡಿಯಲ್ಲಿ ಒರೆಸಿ ಕಳಿಸಿದ್ದಕ್ಕೆ ‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂದು ವರದಿ ಬಂತು. ಹಾಗಾದರೆ ಈ ವಾಸನೆ ಎಲ್ಲಿಯದು?

ಆಮ್ಲಜನಕ ತಾಗಿದರೆ ಸಾಯುವ ಬ್ಯಾಕ್ಟೀರಿಯಾಗಳು ಅಂತಹ ಕಡ್ಡಿಯಲ್ಲಿ ಉಳಿಯುವುದು ಕಷ್ಟ, ಅವುಗಳಲ್ಲಿ ಬ್ಯಾಕ್ಟೀರಾಯ್ಡಿಸ್‌ನ ಕೆಲವು ತಳಿಗಳು ಈ ಮಾತ್ರೆಗೂ ಬಗ್ಗುವುದಿಲ್ಲ ಎಂದು ಓದಿದ ಮೇಲೆ ನನಗೆ ನಿದ್ದೆಯಿಲ್ಲ. ವೈದ್ಯರು ಬೆರಳು ತೆಗೆಯುವ ಮಾತಾಡುತ್ತಿದ್ದಾರೆ.

ಕೀವನ್ನು ಗಾಳಿ ತಾಗದಂತೆ ಸಿರಿಂಜಿನಲ್ಲಿ ತೆಗೆದು, ಆಮ್ಲಜನಕವಿಲ್ಲದೆ ಬೆಳೆಸಿ, ಯಾವ ಔಷಧ ನಾಟುತ್ತದೆಂದು ಹೇಳುವ ಪ್ರಯೋಗಾಲಯ ಮಡಿಕೇರಿಯಲ್ಲಿ ಇದೆಯೇ, ಮೈಸೂರಿಗೇ ಒಯ್ಯಬೇಕೇ? ಎಷ್ಟು ಹೊತ್ತಿನೊಳಗೆ ತಲುಪಿಸಬೇಕು? ಗೊತ್ತಿದ್ದವರು ದಯವಿಟ್ಟು ಇಂದೇ ತಿಳಿಸಿ.