ಭಾನುವಾರದ ಪ್ರಶ್ನೋತ್ತರ: ತೊಟ್ಟಿಯಲ್ಲಿ ಅಂತರಗಂಗೆ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ಅಂತರಗಂಗೆ ಬಗ್ಗೆ ಕೇಳಬಹುದು. ನರ್ಸರಿಯಲ್ಲಿ ವಾಟರ್ ಲೆಟ್ಯೂಸ್ ಅಂತ ಮಾರುತ್ತಾರಲ್ಲ, ನೀರಿನ ಮೇಲೆ ತೇಲುತ್ತಾ ಬೆಳೆಯುವ ಗಿಡ, ಅದೇ. ಉತ್ತರ ಕೊಡುವವರು ನಮ್ಮ ಮೇಡಂ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವರು, ಈಗ ನೀರುಗಿಡಗಳ ನರ್ಸರಿ ಇಟ್ಟಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ, ದಯವಿಟ್ಟು.

ಜಯನಗರ ತಾರಸಿ: ಮೇಡಂ, ಗಿಡ ತಂದು ಎರಡು ವಾರ ಆಯಿತು. ಎಲೆಯೆಲ್ಲ ಹಳದಿ. ಮರಿ ಬರುತ್ತಿಲ್ಲ. ಬಿಸಿಲು ಚೆನ್ನಾಗಿದೆ, ದಿನಾ ಕಾವೇರಿ ನೀರು ಬದಲಾಯಿಸುತ್ತೇನೆ.

ಮೇಡಂ: ದಿನಾ ಬದಲಾಯಿಸುವುದರಿಂದಲೇ ಹೀಗಾಗಿದೆ. ಈ ಗಿಡದ ಬೇರು ಮಣ್ಣಿಗೆ ಇಳಿಯುವುದಿಲ್ಲ. ಊಟವೆಲ್ಲ ನೀರಿನಲ್ಲೇ ಸಿಗಬೇಕು. ನೀವು ದಿನಾ ಬಡಿಸಿದ ಎಲೆ ಎತ್ತಿಬಿಡುತ್ತಿದ್ದೀರಿ. ತೊಟ್ಟಿಯ ತಳಕ್ಕೆ ಎರಡಿಂಚು ತೋಟದ ಮಣ್ಣು ಹಾಕಿ. ಅದಕ್ಕೆ ಒಂದು ಹಿಡಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ಒಂದಿಂಚು ಮರಳು ಹರಡಿ. ಹಸಿ ಸಗಣಿ ಬೇಡ. ನೀರು ಒಂದಡಿ ಇದ್ದರೆ ಸಾಕು. ನಲ್ಲಿ ನೀರನ್ನು ಒಂದು ರಾತ್ರಿ ಬಕೆಟ್‌ನಲ್ಲಿಟ್ಟು ಹಾಕಿ. ಆಮೇಲೆ ಆವಿಯಾದಷ್ಟು ಮಾತ್ರ ತುಂಬಿ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಅದರ ಹಳೇ ನೀರು ಸುರಿಯಿರಿ, ಬೇರೆ ಗೊಬ್ಬರವೇ ಬೇಡ. ಇನ್ನೊಂದು ವಿಷಯ: ಹೊರಸುತ್ತಿನ ಹಳೇ ಎಲೆ ಹಳದಿಯಾದರೆ ಅದು ಮುಪ್ಪು, ಕಿತ್ತುಹಾಕಿ. ನಡುವಿನ ಎಳೇ ಎಲೆಯೂ ಬಿಳಚಿಕೊಂಡರೆ ಹಸಿವು.

ಮೈಸೂರು ಮಲ್ಲಿಗೆ: ಮೇಡಂ, ನಮ್ಮದೂ ಹಳದಿ ಆಗುತ್ತಿದೆ. ಏನು ಮಾಡಲಿ?

ಮೇಡಂ: ಮೇಲೆ ಬರೆದಿದ್ದೇನೆ ನೋಡಿ.

ಹಸಿರೇ ಉಸಿರು: ಹಳದಿ ಎಲೆಗೆ ಸುಲಭ ಉಪಾಯ!! ಒಂದು ಲೋಟ ಹುಳಿ ಮಜ್ಜಿಗೆ, ಒಂದು ಚಮಚ ಅರಿಶಿನ, ಬಾಳೆಹಣ್ಣಿನ ಸಿಪ್ಪೆ ಮೂರು ದಿನ ನೆನೆಸಿ ತೊಟ್ಟಿಗೆ ಸುರಿಯಿರಿ. ನೂರಕ್ಕೆ ನೂರು ಫಲಿತಾಂಶ. ಎಲ್ಲರಿಗೂ ಕಳಿಸಿ 🙏

ಮೇಡಂ: ದಯವಿಟ್ಟು ಯಾರೂ ಹಾಕಬೇಡಿ. ನೀರು ಕೊಳೆತು ನಾರುತ್ತದೆ. ಆಮ್ಲಜನಕ ಸಾಲದೆ ಮೀನು ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಮಜ್ಜಿಗೆ ನೀವೇ ಕುಡಿಯಿರಿ.

ಬಾಲ್ಕನಿ ಬಳ್ಳಿ: ನಮಗೆ ಬೆಳಗಿನ ಬಿಸಿಲು ಮಾತ್ರ ಬರುತ್ತೆ. ಬೆಳೆಯುತ್ತಾ?

ಮೇಡಂ: ಮೂರು ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಬೆಳೆಯುತ್ತೆ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ಇಡಬೇಡಿ, ಸುಡುತ್ತದೆ.

ಕುಂಬಳೆ ತೋಟ: ಮೇಡಂ, ನಮ್ಮದು ಕಾಸರಗೋಡಿನ ಕುಂಬಳೆ ಹತ್ತಿರ. ಅಡಿಕೆ ತೋಟದ ಕೆರೆಗೆ ಚಂದಕ್ಕೆಂದು ಬಿಟ್ಟ ಅಂತರಗಂಗೆ ಈಗ ಮುಕ್ಕಾಲು ಕೆರೆ ಮುಚ್ಚಿದೆ. ಮುಸ್ಸಂಜೆ ಜಗಲಿಯಲ್ಲಿ ಕೂರುವ ಹಾಗಿಲ್ಲ, ಅಷ್ಟು ಸೊಳ್ಳೆ. ಗಪ್ಪಿ ಮೀನು ಬಿಟ್ಟಿದ್ದೇವೆ. ನೀರಿನಲ್ಲಿ ಒಂದು ಮರಿಯೂ ಕಾಣುವುದಿಲ್ಲ. ಹಾಗಾದರೆ ಸೊಳ್ಳೆ ಎಲ್ಲಿಂದ? ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಹಾಕಿ ಅಂತ ಒಂದು ಮೆಸೇಜ್ ಬಂದಿದೆ. ಹಾಕಬಹುದಾ?

ಮೇಡಂ: ಇದಕ್ಕೆ ಉದ್ದ ಬರೆಯುತ್ತೇನೆ. ಉಳಿದವರೂ ಓದಿ.

ಸಾಮಾನ್ಯವಾಗಿ ಸೊಳ್ಳೆ ಮರಿಗಳು ಉಸಿರಾಡಲು ನೀರಿನ ಮೇಲಕ್ಕೆ ಬರುತ್ತವೆ. ಬಂದಾಗ ನಮ್ಮ ಕಣ್ಣಿಗೂ ಬೀಳುತ್ತವೆ, ಮೀನಿನ ಬಾಯಿಗೂ ಬೀಳುತ್ತವೆ. ಮ್ಯಾನ್ಸೋನಿಯಾ ಅನ್ನುವ ಸೊಳ್ಳೆಯ ಮರಿ ಹಾಗಲ್ಲ. ಅದರ ಉಸಿರುಕೊಳವೆಯ ತುದಿ ಚೂಪು, ಅಂಚಿನಲ್ಲಿ ಹಲ್ಲುಗಳಿವೆ. ಅದನ್ನು ಅಂತರಗಂಗೆಯ ಬೇರಿಗೆ ಚುಚ್ಚಿ, ಬೇರಿನೊಳಗಿನ ಗಾಳಿಯನ್ನೇ ಉಸಿರಾಡುತ್ತಾ ಅಲ್ಲೇ ಅಂಟಿಕೊಂಡಿರುತ್ತದೆ. ತಾಯಿ ಸೊಳ್ಳೆ ಮೊಟ್ಟೆ ಅಂಟಿಸುವುದೂ ಇದೇ ಎಲೆಯ ಕೆಳಮೈಗೆ. ಮೇಲಕ್ಕೆ ಬರುವ ಪ್ರಮೇಯವೇ ಇಲ್ಲ. ನಿಮಗೆ ಕಾಣದಿರುವುದು ಅದಕ್ಕೇ. ಬೇರಿನ ಪೊದೆಯೊಳಗೆ ಗಪ್ಪಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ನೀರಿನ ಮೇಲೆ ಎಣ್ಣೆ ಹಾಕಿದರೆ ಮೇಲಕ್ಕೆ ಬರುವ ಮರಿ ಸಾಯಬಹುದು, ಇದಕ್ಕೆ ಏನೂ ಆಗುವುದಿಲ್ಲ. ನಿಮ್ಮ ಮೀನಿಗೆ ಮಾತ್ರ ತೊಂದರೆ. ಕರ್ಪೂರ ದೇವರ ಮುಂದೆ ಹಚ್ಚಿ.

ಪರೀಕ್ಷೆ ಮಾಡಿ ನೋಡಿ. ಬಿಳೀ ಬೇಸಿನ್‌ನಲ್ಲಿ ಅರ್ಧ ನೀರು ತುಂಬಿ. ಒಂದು ಗಿಡವನ್ನು ನಿಧಾನವಾಗಿ ಎತ್ತಿ ತಂದು, ಬೇರನ್ನು ಆ ನೀರಿನಲ್ಲಿ ಜೋರಾಗಿ ಜಾಲಿಸಿ. ಗಿಡ ತೆಗೆದಿಟ್ಟು, ಕೆಸರು ಕೆಳಗೆ ಕೂರುವ ತನಕ ಕಾಯಿರಿ. ಸಣ್ಣ ಬಿಳಚು ಮರಿಗಳು ಬಳುಕುತ್ತಾ ಓಡಾಡಿದರೆ ಅನುಮಾನವೇ ಬೇಡ.

ಕಂಡರೆ ಕೆರೆಯಿಂದ ಪೂರ್ತಿ ತೆಗೆಸಿ. ಅರ್ಧ ಬಿಟ್ಟರೆ ಮತ್ತೆ ಅಷ್ಟೇ ಆಗುತ್ತದೆ. ತೆಗೆದದ್ದನ್ನು ದಡದಲ್ಲಿ ಗುಡ್ಡೆ ಹಾಕಬೇಡಿ, ಮಳೆಗೆ ಮತ್ತೆ ನೀರಿಗೆ ಜಾರುತ್ತದೆ. ದೂರ ಒಯ್ದು ಒಣಗಿಸಿ, ತೆಂಗಿನ ಬುಡಕ್ಕೋ ಅಡಿಕೆ ಬುಡಕ್ಕೋ ಹಾಕಿ. ಬೀಜ ಕೆಸರಿನಲ್ಲಿ ಉಳಿದಿರುತ್ತದೆ. ಅದಕ್ಕೇ ಮುಂದಿನ ಮಳೆಗಾಲ ಸಣ್ಣ ಸಸಿ ಕಂಡ ಕೂಡಲೇ ಕೀಳಿ.

ನಿಮ್ಮ ರಾಜ್ಯದ್ದೇ ಒಂದು ಉದಾಹರಣೆ. ಆಲಪ್ಪುಳ ಜಿಲ್ಲೆಯ ಚೇರ್ತಲ ಕಡೆ ಆನೆಕಾಲು ರೋಗ ಹರಡುತ್ತಿದ್ದದ್ದು ಈ ಮ್ಯಾನ್ಸೋನಿಯಾ ಸೊಳ್ಳೆಯಿಂದಲೇ. ಬ್ರೂಗಿಯಾ ಮಲಾಯಿ ಅನ್ನುವ ಹುಳ ಅದಕ್ಕೆ ಕಾರಣ. ಅಲ್ಲಿ ಮನೆ ಮನೆಯ ಕೊಳಗಳಿಂದ ಅಂತರಗಂಗೆ ತೆಗೆಸಿದ್ದು ರೋಗ ನಿಯಂತ್ರಣದ ಒಂದು ಭಾಗವಾಗಿತ್ತು. ಹೆದರಬೇಡಿ, ಸೊಳ್ಳೆ ಕಚ್ಚಿತು ಅಂದಮಾತ್ರಕ್ಕೆ ರೋಗ ಬಂತು ಅಂತಲ್ಲ. ಸೋಂಕಿರುವವರ ರಕ್ತದಿಂದ ಅದು ಹುಳವನ್ನು ತಂದಿರಬೇಕು. ಕರ್ನಾಟಕದಲ್ಲಿ ಕಾಣುವ ಆನೆಕಾಲು ಬೇರೆ ಹುಳದ್ದು. ಅದನ್ನು ಹರಡುವುದು ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ. ಆದರೂ ಮನೆ ಪಕ್ಕ ಇಂಥ ಕೆರೆ ಇಟ್ಟುಕೊಳ್ಳಬೇಡಿ.

ತಾರಸಿ ತೊಟ್ಟಿಯವರು ವಾರಕ್ಕೊಮ್ಮೆ ಎಲ್ಲ ಗಿಡ ಎತ್ತಿ, ಬೇರನ್ನು ಬಕೆಟ್ ನೀರಿನಲ್ಲಿ ಜಾಲಿಸಿ, ಎಲೆಯ ಕೆಳಗೆ ಬೆರಳಾಡಿಸಿ ತೊಳೆಯಿರಿ. ಆ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಮೋರಿಗಲ್ಲ. ತೊಟ್ಟಿಯ ಮೂರನೇ ಒಂದು ಭಾಗ ಮಾತ್ರ ಗಿಡ ಇರಲಿ.

ಕುಂಬಳೆ ತೋಟ: ಜಾಲಿಸಿ ನೋಡಿದೆ ಮೇಡಂ. ಬೇಸಿನ್ ತುಂಬ ಇದ್ದಾವೆ. ನಾಳೆಯೇ ಆಳು ಕರೆಸುತ್ತೇನೆ.

ಹಾಸನದ ಅಂಗಳ: ಎಲೆ ಹಳದಿ ಆಗಿದೆ, ಎಪ್ಸಮ್ ಸಾಲ್ಟ್ ಹಾಕಲಾ?

ಮೇಡಂ: ಬೇಡ. ಮೊದಲ ಉತ್ತರ ಓದಿ.

ಗಪ್ಪಿ ಹುಡುಗ: ಮೇಡಂ, ಬೆಳಿಗ್ಗೆ ಎದ್ದು ನೋಡಿದರೆ ಎಲೆ ತೂತು ತೂತು. ಎಲೆ ಮಡಿಕೆಯಲ್ಲಿ ಒಂದು ಹಸಿರು ಹುಳ ಇತ್ತು. ಫೋಟೋ ಹಾಕಿದ್ದೇನೆ.

ಮೇಡಂ: ಒಳ್ಳೆಯ ಫೋಟೋ! ಎಲೆಯನ್ನು ಒಳಗಿನಿಂದ ಕೊರೆದು ತಿಂದಿರುವ ರೀತಿ ನೋಡಿದರೆ ಸ್ಪೋಡಾಪ್ಟೆರಾ ಪೆಕ್ಟಿನಿಕಾರ್ನಿಸ್ ಅನ್ನುವ ಪತಂಗದ ಮರಿಹುಳ ಇರಬೇಕು. ಅಂತರಗಂಗೆಯೇ ಅದರ ಮುಖ್ಯ ಊಟ. ಥಾಯ್ಲೆಂಡಿನಲ್ಲಿ ಈ ಗಿಡದ ಹಾವಳಿ ತಡೆಯಲು ಈ ಹುಳವನ್ನೇ ಸಾಕಿ ಬಿಟ್ಟಿದ್ದಾರೆ. ಕೊಲ್ಲದೆ ಒಂದೆರಡನ್ನು ಡಬ್ಬಿಯಲ್ಲಿ ಎಲೆ ಹಾಕಿ ಸಾಕಿ, ಪತಂಗವಾದ ಮೇಲೆ ನನಗೆ ಫೋಟೋ ಕಳಿಸಿ. ಉಳಿದದ್ದನ್ನು ಕೈಯಲ್ಲೇ ಹೆಕ್ಕಿ. ಔಷಧಿ ಹೊಡೆದರೆ ಗಪ್ಪಿ ಸಾಯುತ್ತವೆ. ಎಲೆಗೆ ಕಪ್ಪು ಹೇನು ಹತ್ತಿದವರಿಗೂ ಇದೇ ಮಾತು: ಗಿಡವನ್ನು ನೀರಿನೊಳಗೆ ಅದ್ದಿ ಅಲುಗಿಸಿ, ಉದುರಿದ ಹೇನನ್ನು ಮೀನು ತಿನ್ನುತ್ತವೆ.

ಹಸಿರೇ ಉಸಿರು: ಅಂತರಗಂಗೆ ಎಲೆಯ ರಸ ಖಾಲಿ ಹೊಟ್ಟೆಯಲ್ಲಿ ಏಳು ದಿನ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ. ನಮ್ಮ ಅತ್ತೆಗೆ ನಾಳೆಯಿಂದ ಶುರು ಮಾಡುತ್ತಿದ್ದೇವೆ. ಪ್ರಮಾಣ ಎಷ್ಟು ಮೇಡಂ?

ಮೇಡಂ: ಕೊಡಬೇಡಿ. ಇದು ಕೆಸುವಿನ ಕುಟುಂಬದ ಗಿಡ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಗಳಿವೆ, ಬಾಯಿ ಗಂಟಲು ತುರಿಸಿ ಊದಿಕೊಳ್ಳುತ್ತವೆ. ಕಿಡ್ನಿ ಕಲ್ಲು ಹೆಚ್ಚಿನವರಲ್ಲಿ ಆಗುವುದು ಇದೇ ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ. ಕಲ್ಲಿರುವವರಿಗೆ ಅದನ್ನೇ ಅರೆದು ಕುಡಿಸುತ್ತೀರಾ? ಮೇಲಾಗಿ ಕೊಳಚೆ ನೀರಿನಲ್ಲಿ ಬೆಳೆದದ್ದಾದರೆ ಸೀಸ, ಕ್ಯಾಡ್ಮಿಯಂ ಹೀರಿಕೊಂಡಿರುತ್ತದೆ. ಅತ್ತೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹಸಿರೇ ಉಸಿರು: ಆಯುರ್ವೇದದಲ್ಲಿ ಇದೆಯಲ್ಲ ಮೇಡಂ. ನಮ್ಮ ಹಿರಿಯರೇನು ದಡ್ಡರಾ?

ಮೇಡಂ: ಹಿರಿಯರು ವಾಟ್ಸಾಪ್ ನೋಡಿ ಔಷಧಿ ಕೊಡುತ್ತಿರಲಿಲ್ಲ. ಆಯುರ್ವೇದ ವೈದ್ಯರನ್ನೇ ಕೇಳಿ, ನನ್ನನ್ನಲ್ಲ.

ಮನೆ ಮಂಗಳ: ತೊಟ್ಟಿ ಈಶಾನ್ಯದಲ್ಲಿಟ್ಟರೆ ವಾಸ್ತು ಪ್ರಕಾರ ಒಳ್ಳೆಯದಾ?

ಬಾನ್ ಕನ್ನಡಿಗ: ಮೇಡಂ, ಜರ್ಮನಿಯಲ್ಲಿದ್ದೇನೆ. ಬೇಸಿಗೆಗೆ ಹಿತ್ತಲ ಕೊಳಕ್ಕೆ ಬೇಕಿತ್ತು, ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಊರಿಂದ ಬರುವವರ ಕೈಲಿ ಒಂದು ಸಸಿ ತರಿಸಲಾ?

ಮೇಡಂ: ತರಿಸಬೇಡಿ. 2024ರ ಆಗಸ್ಟ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಇದನ್ನು ಮಾರುವುದು, ತರುವುದು, ಬೆಳೆಸುವುದು ಎಲ್ಲ ನಿಷಿದ್ಧ. ಅಲ್ಲಿನ ಚಳಿಗೆ ಸಾಯುತ್ತೆ ಅಂತ ವಾದ ಮಾಡಬೇಡಿ. ನಿಮ್ಮ ಕಡೆಯೇ ಹರಿಯುವ ಎರ್ಫ್ಟ್ ನದಿಗೆ ಗಣಿಯ ಬೆಚ್ಚಗಿನ ನೀರು ಸೇರಿ, ಅಲ್ಲಿ ಚಳಿಗಾಲವನ್ನೂ ದಾಟಿ ಬೆಳೆದಿದೆ.

ತುಮಕೂರು ಹೂದೋಟ: ನಮ್ಮ ತೊಟ್ಟಿಯಲ್ಲಿ ತುಂಬ ಜಾಸ್ತಿ ಆಗಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಹೋದ ವಾರ ನಾಲ್ಕು ಗಿಡ ನಮ್ಮೂರ ಕೆರೆಗೆ ಬಿಟ್ಟೆವು. ಚೆನ್ನಾಗಿ ಹರಡಲಿ ಅಂತ 😊

ಕೆರೆ ಗೆಳೆಯ: ಒಳ್ಳೆ ಕೆಲಸ. ನೀರು ಶುದ್ಧ ಮಾಡುವ ಗಿಡ ಅದು.

ಕೋಲಾರದ ರೈತ: ಏನ್ರೀ ಒಳ್ಳೆ ಕೆಲಸ? ಕೆರೆ ಮುಚ್ಚಿದರೆ ತೆಗೆಯುವವರು ನೀವಾ? ನಮ್ಮ ಕಡೆ ಬಂದು ನೋಡಿ. 2018ರಿಂದ ನಮ್ಮ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಕೆರೆಯ ಮೇಲೆ ಕಳೆ ಹಬ್ಬಿ ನೀರೇ ಕಾಣುವುದಿಲ್ಲ.

ಕೆರೆ ಗೆಳೆಯ: ಆ ನೀರಿನಿಂದ ತಾನೇ ಬತ್ತಿದ ಬೋರ್‌ವೆಲ್‌ಗೆ ಜೀವ ಬಂದದ್ದು? ಅದನ್ನೂ ಹೇಳಿ.

ಕೋಲಾರದ ರೈತ: ಬೆಂಗಳೂರಿನ ಕಕ್ಕಸಿನ ನೀರು ಎರಡು ಹಂತ ತೊಳೆದು ನಮಗೆ ಕಳಿಸುತ್ತೀರಿ. ಮೂರನೇ ಹಂತ ಮಾಡಿ ಅಂತ ಕೇಳಿ ಕೇಳಿ ಗಂಟಲು ಒಣಗಿದೆ. ಅಷ್ಟು ಚೆನ್ನಾಗಿದ್ದರೆ ನೀವೇ ಕುಡಿಯಿರಿ.

ಜಯನಗರ ತಾರಸಿ: ಇದು ಗಿಡದ ಗುಂಪು ಅಲ್ವಾ? ರಾಜಕೀಯ ಬೇಡ.

ಕೋಲಾರದ ರೈತ: ನಿಮಗೆ ರಾಜಕೀಯ, ನಮಗೆ ಟೊಮೆಟೊ ಬೆಳೆ.

ಗಪ್ಪಿ ಹುಡುಗ: ಕಳೆ ತಿನ್ನುವ ಹುಳ ಬಿಟ್ಟರೆ ಆಯಿತಲ್ಲ, ಜಗಳ ಯಾಕೆ?

ಮೇಡಂ: ಹುಳದ ವಿಷಯ ಅಷ್ಟು ಸುಲಭ ಅಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಸಾಲ್ವೀನಿಯ ಅನ್ನುವ ಇನ್ನೊಂದು ತೇಲುವ ಕಳೆಗೆ ಆಸ್ಟ್ರೇಲಿಯಾದಿಂದ ತಂದ ಮೂತಿಹುಳ ಬಿಟ್ಟಿದ್ದರು. ವರ್ಷದೊಳಗೆ ಕೊಳ ತೆರವಾಯಿತು. ಅದು ಸಾಲ್ವೀನಿಯ ಮಾತ್ರ ತಿನ್ನುತ್ತದೆ ಅಂತ ಪರೀಕ್ಷಿಸಿದ ಮೇಲೆ, ಅನುಮತಿ ತೆಗೆದುಕೊಂಡು ವಿಜ್ಞಾನಿಗಳು ಮಾಡಿದ ಕೆಲಸ ಅದು. ನೀವು ಡಬ್ಬಿಯಲ್ಲಿ ತಂದು ಬಿಡುವುದಲ್ಲ.

ಕೆರೆ ಗೆಳೆಯರೇ, ಗಿಡ ನೀರಿನ ಸಾರಜನಕ, ರಂಜಕ ಹೀರುವುದು ನಿಜ. ಬೆಳೆದದ್ದನ್ನು ಹೊರಗೆ ತೆಗೆದರೆ ಮಾತ್ರ ಅದರಿಂದ ಉಪಯೋಗ. ತೆಗೆಯದಿದ್ದರೆ ಅಲ್ಲೇ ಕೊಳೆತು ಎಲ್ಲ ವಾಪಸ್ ನೀರಿಗೇ ಸೇರುತ್ತದೆ. ಬಿಸಿಲು ಕೆಳಗಿಳಿಯದೆ ಮೀನೂ ಉಳಿಯುವುದಿಲ್ಲ. ಕೋಲಾರದವರು ಹೇಳಿದ್ದರಲ್ಲಿ ತಪ್ಪಿಲ್ಲ, ಗೊಬ್ಬರ ಬೆರೆತ ನೀರಿನಲ್ಲಿ ಕಳೆ ಇನ್ನೂ ಜೋರು.

ಕೆರೆ ಗೆಳೆಯ: ನೀವೇ ನರ್ಸರಿಯಲ್ಲಿ ಮಾರುತ್ತೀರಲ್ಲ ಮೇಡಂ?

ಮೇಡಂ: ಮಾರುತ್ತಿದ್ದೆ. ಹಿತ್ತಲಲ್ಲಿ ಕೆರೆ, ಹಳ್ಳ ಇರುವವರಿಗೆ ಯಾವತ್ತೂ ಕೊಟ್ಟಿಲ್ಲ. ಈ ಥ್ರೆಡ್ ನೋಡಿದ ಮೇಲೆ ಯಾರಿಗೂ ಕೊಡುವುದಿಲ್ಲ.

ಬಾಲ್ಕನಿ ಬಳ್ಳಿ: ಅಯ್ಯೋ, ನನಗೆ ಒಂದು ಬೇಕಿತ್ತು. ಬೆಲೆ ಎಷ್ಟು?

ಶಿವಮೊಗ್ಗ ಮಳೆ: ಎಲೆ ಹಳದಿ ಆಗಿದೆ ಮೇಡಂ.

ಮೇಡಂ: ತುಮಕೂರು ಹೂದೋಟ, ಇದ್ದೀರಾ? ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ. ಬಿಟ್ಟು ಎಷ್ಟು ದಿನ ಆಯಿತು? ಕೆರೆಯಲ್ಲಿ ನೀರು ಎಷ್ಟಿದೆ?

ತುಮಕೂರು ಹೂದೋಟ: ಎಂಟು ದಿನ ಆಯಿತು. ನೀರು ಅರ್ಧ ಇದೆ. ಗಾಳಿಗೆ ಕೋಡಿ ಕಡೆ ಸೇರಿವೆ ಅಂತ ತಮ್ಮ ಹೇಳಿದ.

ಮೇಡಂ: ಇವತ್ತೇ ಹೋಗಿ. ಉದ್ದದ ದೋಟಿ, ಗೋಣಿಚೀಲ ತೆಗೆದುಕೊಳ್ಳಿ. ದೊಡ್ಡ ಗಿಡ ಎಳೆಯುವಾಗ ಮರಿಗೆ ಸೇರಿಸುವ ಬಳ್ಳಿ ಕಡಿದುಹೋಗಿ ಮರಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಮೊದಲು ಮರಿಗಳನ್ನು ಆರಿಸಿ. ಜೊಂಡಿನ ಸಂದಿಯಲ್ಲೂ ನೋಡಿ. ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೂ ಹೋಗುತ್ತದೆ. ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ ಸುತ್ತು ಹಾಕಿ. ನೀರು ಆಳ ಇರುವ ಕಡೆ ಇಳಿಯಬೇಡಿ.

ತುಮಕೂರು ಹೂದೋಟ: ಸರಿ ಮೇಡಂ, ತಮ್ಮನನ್ನು ಕರೆದುಕೊಂಡು ಹೊರಟೆ.

ಅಡ್ಮಿನ್: ಕೆ.ಸಿ. ವ್ಯಾಲಿ ಬಗ್ಗೆ ಬಂದ ಇಪ್ಪತ್ತು ಕಾಮೆಂಟ್ ತೆಗೆದಿದ್ದೇನೆ. ಕಾಮೆಂಟ್ ಬಂದ್.