ಯಂತ್ರ ಬಿಟ್ಟ ಕಾಯಿಗೆ ಯಾರ ಲೆಕ್ಕ?

ಚನ್ನಗಿರಿ ಖೇಣಿ: ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ ಇದೆ. ಅದು ಬಿಟ್ಟ ಕಾಯಿ ಹೆಕ್ಕಿ ಮೆಟ್ಟುಗತ್ತಿಯಲ್ಲಿ ಸುಲಿಯಲು ಆರು ಜನ ಹೆಂಗಸರು. ಯಂತ್ರ ಮಾರಿದವರು ಗಂಟೆಗೆ ಇಷ್ಟು ಕೆಜಿ ಅಂತ ಬರೆದುಕೊಟ್ಟಿದ್ದಾರೆ. ಅದು ಯಂತ್ರದ ಲೆಕ್ಕ ಆಯ್ತು. ಜನ, ಯಂತ್ರ ಸೇರಿ ಮಾಡುವ ಕೆಲಸ ಅಳೆಯುವುದು ಹೇಗೆ?

ಹೊನ್ನಾಳಿ ಹೊಳೆ: ಇದರಲ್ಲೇನಿದೆ ಅಣ್ಣಾ? ಸಂಜೆ ಹಂಡೆಗೆ ಎಷ್ಟು ಬಿತ್ತು, ಕೂಲಿ, ಕರೆಂಟು ಎಷ್ಟಾಯ್ತು. ಭಾಗಿಸಿದರೆ ಮುಗೀತು.

ಎಕ್ಸ್‌ರೇ ಕೋಣೆ: ಮುಗಿಯಲ್ಲ. ಯಾವುದಕ್ಕೆ ಹೋಲಿಸುತ್ತೀರಿ? ಬರೀ ಕೈಕೆಲಸಕ್ಕೆ ಹೋಲಿಸಿದರೆ ಜೋಡಿ ಸಾಮಾನ್ಯವಾಗಿ ಚೆನ್ನಾಗೇ ಕಾಣುತ್ತದೆ. ಜನ, ಯಂತ್ರ ಇಬ್ಬರಲ್ಲಿ ಒಂಟಿಯಾಗಿ ಯಾರು ಮೇಲೋ ಅವರನ್ನು ಜೋಡಿ ಮೀರಿಸುತ್ತದಾ ನೋಡಿ. 2024ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 106 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಮನುಷ್ಯ-ಎಐ (ಕೃತಕ ಬುದ್ಧಿಮತ್ತೆ) ಜೋಡಿ ಆ ಮೇಲಿನವರಿಗಿಂತ ಹಿಂದೇ ಉಳಿದಿತ್ತು. ಮೊದಲೇ ಎಐಗಿಂತ ಮನುಷ್ಯನ ಕೈ ಮೇಲಿದ್ದ ಕಡೆ ಜೋಡಿಗೆ ಲಾಭ ಕಂಡಿತು.

ಹೊನ್ನಾಳಿ ಹೊಳೆ: ಹಾಗಾದರೆ ಸ್ವೀಡನ್ನಿನದು? 80 ಸಾವಿರ ಹೆಂಗಸರ ಸ್ತನ ಕ್ಯಾನ್ಸರ್ ತಪಾಸಣೆ, 2023ರಲ್ಲಿ ಬಂತಲ್ಲ. ಎಐ ಜೊತೆಗಿದ್ದಾಗ ಡಾಕ್ಟರುಗಳು ಎಕ್ಸ್‌ರೇ ಚಿತ್ರ ಓದುವ ಕೆಲಸ 44% ಇಳಿಯಿತು, ಪತ್ತೆ ಕಡಿಮೆಯಾಗಲಿಲ್ಲ.

ಎಕ್ಸ್‌ರೇ ಕೋಣೆ: ಅಲ್ಲಿ ಕೆಲಸ ಹಂಚಿದ ರೀತಿ ನೋಡಿ. ಅಪಾಯ ಕಡಿಮೆ ಎಂದು ಎಐ ಹೇಳಿದ ಚಿತ್ರ ಒಬ್ಬ ಡಾಕ್ಟರಿಗೆ, ಜಾಸ್ತಿ ಎಂದದ್ದು ಇಬ್ಬರಿಗೆ. ಪತ್ತೆ, ಹೊರೆ ಎರಡನ್ನೂ ಅಳೆದರು. ನಿಮ್ಮ ಭಾಗಾಕಾರದಲ್ಲಿ ಹೊರೆ ಎಲ್ಲಿದೆ?

ಸುಲಿಯೋರ ಮಗಳು: ಹೊರೆ ನಾನು ಹೇಳ್ತೀನಿ. ಅಮ್ಮ ಮೊದಲು ಡಬ್ಬ ತುಂಬಿದ ಮೇಲೆ ಎದ್ದು ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದರು. ಈಗ ಯಂತ್ರ ನಿಲ್ಲದೆ ಏಳುವ ಹಾಗಿಲ್ಲ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಸುಲಭದ ಕಾಯಿ ಎಲ್ಲ ಯಂತ್ರಕ್ಕೆ ಹೋಯ್ತು. ಅಮ್ಮನ ಮುಂದೆ ಬೀಳುವುದು ಸಣ್ಣದು, ಸೊಟ್ಟದ್ದು, ಅರ್ಧ ಸಿಪ್ಪೆ ಕಚ್ಚಿಕೊಂಡದ್ದು. ಡಬ್ಬ ತುಂಬಲು ಜಾಸ್ತಿ ಹೊತ್ತು ಬೇಕು. ಡಬ್ಬದ ರೇಟು ಮಾತ್ರ ಹಳೆಯದೇ. ಸಂಜೆ ಸಾಹುಕಾರರು "ಯಂತ್ರ ಜೋರು, ಹೆಂಗಸರು ನಿಧಾನ" ಅಂತಾರೆ. ಬೇರೆ ಬೇರೆ ಅಳೆದರೆ ಹಾಗೇ ಕಾಣೋದು, ಅಲ್ವಾ?

ಹೊನ್ನಾಳಿ ಹೊಳೆ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಬಿಡಿ.

ಚನ್ನಗಿರಿ ಖೇಣಿ: ನಿಧಾನ ಅಂತ ನಾನೂ ಅಂದಿದ್ದೇನೆ ತಂಗೀ. ನಾಳೆ ಯಂತ್ರಕ್ಕೆ ಹಾಕದ ಕಾಯಿ ಒಂದು ಡಬ್ಬ, ಯಂತ್ರ ಬಿಟ್ಟದ್ದು ಒಂದು ಡಬ್ಬ, ಒಬ್ಬರ ಕೈಗೇ ಕೊಟ್ಟು ಗಡಿಯಾರ ನೋಡುತ್ತೇನೆ.

ಸುಲಿಯೋರ ಮಗಳು: ನೋಡಿ. ಆ ದಿನ ಡಬ್ಬದ ಲೆಕ್ಕ ಬೇಡ, ದಿನಗೂಲಿ ಕೊಡಿ.