ಪದಚರ್ಚೆ: ‘ಇಂಧನ ವಲಯ’ ಅಂದ್ರೆ ಬರೀ ಕರೆಂಟಾ? ‘ತೀವ್ರತೆ’ ಇಳಿದರೆ ಹೊಗೆ ಇಳಿದಂತಾ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಗೋಡೆಪಟ ಮಾಡುತ್ತಿದ್ದೇವೆ. ನಮ್ಮ ದೇಶದಲ್ಲಿ ಯಾವ ಕೆಲಸದಿಂದ ಎಷ್ಟು ಹಸಿರುಮನೆ ಅನಿಲ (ಭೂಮಿಯ ಬಿಸಿ ಏರಿಸುವ ಅನಿಲ) ಗಾಳಿಗೆ ಸೇರುತ್ತದೆ, ವರ್ಷ ಕಳೆದಂತೆ ಅದು ಏರಿದೆಯಾ ಇಳಿದಿದೆಯಾ ಅನ್ನುವುದು ವಿಷಯ. ಅಂಕಿಗಳಿಗೇನೂ ಕೊರತೆಯಿಲ್ಲ. ಭಾರತ ಸರ್ಕಾರ 2024ರ ಡಿಸೆಂಬರ್ ಕೊನೆಯಲ್ಲಿ ವಿಶ್ವಸಂಸ್ಥೆಗೆ ಕೊಟ್ಟ ವರದಿಯಲ್ಲಿ 2020ರ ಪೂರ್ತಿ ಲೆಕ್ಕ ಇದೆ. ತೊಡಕು ಇರುವುದು ಪದಗಳಲ್ಲಿ, ಮುಖ್ಯವಾಗಿ ಎರಡು ಪದಗಳಲ್ಲಿ. ಎರಡೂ ಪತ್ರಿಕೆಗಳಲ್ಲಿ ಆಗಾಗ ಕಾಣುವಂಥವೇ. ಆದರೆ ಓದಿದವರಿಗೆ ಬೇರೆಯದೇ ಅರ್ಥ ಹೊಳೆಯುತ್ತದೆ, ಅದೂ ಗಾಳಿಯಂಥ ವಿಷಯದಲ್ಲಿ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲನೆಯದು ‘ಇಂಧನ ವಲಯ’. 2020ರ ಲೆಕ್ಕದಲ್ಲಿ ಇಂಧನ ವಲಯದ ಪಾಲು ಶೇ 75.66, ಕೃಷಿ ಶೇ 13.72, ಕೈಗಾರಿಕಾ ಪ್ರಕ್ರಿಯೆ ಶೇ 8.06, ತ್ಯಾಜ್ಯ ಶೇ 2.56. ಇದನ್ನು ಹಾಗೇ ಅಚ್ಚು ಹಾಕಿದರೆ ಕರ್ನಾಟಕದ ಓದುಗರಿಗೆ ಏನು ಅನ್ನಿಸುತ್ತದೆ ಹೇಳಿ. ನಮ್ಮಲ್ಲಿ ಇಂಧನ ಇಲಾಖೆ ಅಂದ್ರೆ ಕರೆಂಟಿನ ಇಲಾಖೆ, ಇಂಧನ ಸಚಿವರು ಅಂದ್ರೆ ಲೋಡ್ ಶೆಡ್ಡಿಂಗ್ ಬಗ್ಗೆ ಉತ್ತರ ಕೊಡಬೇಕಾದವರು. ಹಾಗಾಗಿ ಮುಕ್ಕಾಲು ಪಾಲು ಹೊಗೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿಂದಲೇ ಬರುತ್ತದೆ ಅಂತ ಆಗುತ್ತದೆ. ನಿಜಕ್ಕೂ ದೇಶದ ಒಟ್ಟು ಲೆಕ್ಕದಲ್ಲಿ ವಿದ್ಯುತ್ ಉತ್ಪಾದನೆಯ ಪಾಲು ಸುಮಾರು ಶೇ 39. ಅದೇನೂ ಕಡಿಮೆಯಲ್ಲ. ಆದರೆ ಮಿಕ್ಕಿದ್ದು ಎಲ್ಲಿ ಹೋಯಿತು? ಲಾರಿ, ಬಸ್ಸು, ಬೈಕು, ಕಾರ್ಖಾನೆಯ ಬಾಯ್ಲರು, ಮನೆಯ ಗ್ಯಾಸ್ ಒಲೆ ಎಲ್ಲ ಇದೇ ವಲಯದಲ್ಲಿ ಕೂತಿವೆ. ಇನ್ನೊಂದು ಕಡೆ ‘ಇಂಧನ ಬೆಲೆ ಏರಿಕೆ’ ಅಂತ ತಲೆಬರಹ ಬಂದರೆ ಅದು ಪೆಟ್ರೋಲ್, ಡೀಸೆಲ್‌ದು ಅಂತ ಎಲ್ಲರಿಗೂ ಗೊತ್ತು. ಅಂದರೆ ಈ ಪದಕ್ಕೆ ಆಗಲೇ ಎರಡು ಅರ್ಥ ಇದೆ. ಮೂರನೆಯದನ್ನು ಅದರ ತಲೆ ಮೇಲೆ ಹೇರುತ್ತಿದ್ದೇವೆ.

‘ವಲಯ’ ಅನ್ನುವ ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ವಲಯ ಅಂದಾಗ ಜನರ ಗುಂಪು ನೆನಪಾಗುತ್ತದೆ: ಕೃಷಿ ವಲಯ ಅಂದ್ರೆ ರೈತರು, ಕೈಗಾರಿಕಾ ವಲಯ ಅಂದ್ರೆ ಕಾರ್ಖಾನೆಯವರು. ಈ ಲೆಕ್ಕ ಹಾಗೆ ನಡೆಯುವುದಿಲ್ಲ. ಯಾರು ಮಾಡಿದರು ಅನ್ನುವುದು ಅದಕ್ಕೆ ಬೇಡ, ಅನಿಲ ಹೇಗೆ ಹುಟ್ಟಿತು ಅನ್ನುವುದಷ್ಟೇ ಬೇಕು.

ಸಿಂಧನೂರು, ಗಂಗಾವತಿ ಕಡೆಯ ಒಬ್ಬ ಭತ್ತದ ರೈತನನ್ನೇ ತಗೊಳ್ಳಿ. ಅವನ ಟ್ರ್ಯಾಕ್ಟರಿನ ಡೀಸೆಲ್ ಹೊಗೆ ಇಂಧನದ ಖಾತೆಗೆ ಹೋಗುತ್ತದೆ. ಪಂಪ್‌ಸೆಟ್ಟಿಗೆ ಬರುವ ಕರೆಂಟು ಎಲ್ಲೋ ಸುಟ್ಟ ಕಲ್ಲಿದ್ದಲಿನದು, ಅದೂ ಇಂಧನಕ್ಕೇ. ಅವನು ಹಾಕುವ ಯೂರಿಯಾಕ್ಕೆ ಮೊದಲು ಅಮೋನಿಯಾ ಬೇಕಲ್ಲ, ಅದನ್ನು ತಯಾರಿಸುವಾಗ ಕಾರ್ಖಾನೆಯಲ್ಲಿ ಹುಟ್ಟುವ ಅನಿಲ ಕೈಗಾರಿಕಾ ಪ್ರಕ್ರಿಯೆಗೆ. ಅದೇ ಯೂರಿಯಾ ಗದ್ದೆಗೆ ಬಿದ್ದ ಮೇಲೆ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಮಾತ್ರ ಕೃಷಿಗೆ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ತಾಗುವುದಿಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ, ಅದು ಕೃಷಿ. ಎತ್ತು ಮೆಲುಕು ಹಾಕುವಾಗ ಬಾಯಿಂದ ಬಿಡುವ ಮೀಥೇನ್ ಕೂಡ ಕೃಷಿ. ಒಬ್ಬನೇ ರೈತ ಮೂರು ‘ವಲಯ’ಗಳಲ್ಲಿ ಹಂಚಿಹೋದ. ಹೀಗಿರುವಾಗ ‘ಕೃಷಿ ವಲಯದ ಪಾಲು ಶೇ 13.72’ ಅಂತ ಬರೆದರೆ ಮಗು ಏನು ತಿಳಿದುಕೊಳ್ಳಬೇಕು?

ಸಿಮೆಂಟ್ ಕಾರ್ಖಾನೆ ಇದಕ್ಕಿಂತಲೂ ಒಳ್ಳೆಯ ಉದಾಹರಣೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಹೋದರೆ ಎತ್ತರದ ಚಿಮಣಿಗಳು ಕಾಣುತ್ತವಲ್ಲ, ಅದರಲ್ಲಿ ಒಂದು ಚಿಮಣಿಯಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಲೆಕ್ಕದವರು ಎರಡು ಭಾಗ ಮಾಡುತ್ತಾರೆ. ಗೂಡು ಕಾಯಿಸಲು ಸುಟ್ಟ ಕಲ್ಲಿದ್ದಲಿನದು ಇಂಧನಕ್ಕೆ. ಸುಣ್ಣದ ಕಲ್ಲೇ ಬಿಸಿಗೆ ಒಡೆದು ಬಿಡುವುದು ಕೈಗಾರಿಕಾ ಪ್ರಕ್ರಿಯೆಗೆ. ಹಳೆಯ ಸುಣ್ಣದ ಗೂಡಿನಲ್ಲೂ ನಡೆಯುತ್ತಿದ್ದದ್ದು ಇದೇ. ನೂರು ಕೆಜಿ ಶುದ್ಧ ಸುಣ್ಣದ ಕಲ್ಲು ಪೂರ್ತಿ ಬೆಂದರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಗಾಳಿಗೆ ಹೋಗುತ್ತದೆ. ಕಲ್ಲಿದ್ದಲಿನ ಬದಲು ಸೌರ ಬಿಸಿಯಿಂದಲೇ ಗೂಡು ಕಾಯಿಸಿದರೂ ಆ 44 ಕೆಜಿ ತಪ್ಪುವುದಿಲ್ಲ. ‘ಕೈಗಾರಿಕಾ ವಲಯ’ ಅಂತ ಸುಮ್ನೆ ಬರೆದುಬಿಟ್ಟರೆ ಇಷ್ಟು ಮುಖ್ಯವಾದ ವಿಷಯವೇ ಮುಚ್ಚಿಹೋಗುತ್ತದೆ.

ನನಗೆ ತೋಚಿದ್ದು ಹೀಗೆ: ವಲಯದ ಬದಲು ‘ಬಾಬತ್ತು’ ಅಥವಾ ‘ಖಾತೆ’ ಅನ್ನೋಣ. ಹೆಸರುಗಳನ್ನು ಅನಿಲ ಹುಟ್ಟುವ ರೀತಿಯಿಂದಲೇ ಕೊಡೋಣ: ‘ಉರುವಲು ಸುಟ್ಟದ್ದು’, ‘ಕಾರ್ಖಾನೆಯ ರಾಸಾಯನಿಕ ಕ್ರಿಯೆ’, ‘ಗದ್ದೆ ಮತ್ತು ದನ’, ‘ಕಸ ಮತ್ತು ಕೊಳಚೆ’. ಒಂದು ಅಡ್ಡಿ ಇದೆ. ಕಲ್ಲಿದ್ದಲು ಗಣಿಯಿಂದ, ಗ್ಯಾಸ್ ಕೊಳವೆಗಳಿಂದ ಸೋರುವ ಮೀಥೇನ್ ಕೂಡ ಇಂಧನದ ಖಾತೆಯಲ್ಲೇ ಇದೆ, ಅದು ಸುಟ್ಟದ್ದಲ್ಲ. ‘ಸುಟ್ಟದ್ದು, ಸೋರಿದ್ದು’ ಅಂತ ಜೋಡಿಯಾಗಿ ಬರೆದರೆ ಆಗುತ್ತದೆ ಅನ್ನಿಸುತ್ತದೆ. ಉರುವಲು ಅಂದ್ರೆ ಕಟ್ಟಿಗೆ ಮಾತ್ರ ಅಂತ ಯಾರಿಗಾದರೂ ಅನ್ನಿಸಿದರೆ ಹೇಳಿ. ನಮ್ಮ ಕಡೆ ಬೆರಣಿ, ಇದ್ದಿಲು, ತೆಂಗಿನ ಗರಿ ಎಲ್ಲಕ್ಕೂ ಅದೇ ಪದ.

ಎರಡನೆಯದು ‘ಹೊರಸೂಸುವಿಕೆ ತೀವ್ರತೆ’. ಇದರ ಬಗ್ಗೆ ನನಗೆ ಇನ್ನೂ ಜಾಸ್ತಿ ಬೇಸರವಿದೆ. 2005ರಿಂದ 2020ರ ಒಳಗೆ ಭಾರತದ ಹೊರಸೂಸುವಿಕೆ ತೀವ್ರತೆ ಶೇ 36ರಷ್ಟು ಇಳಿದಿದೆ, 2030ಕ್ಕೆ ಶೇ 45 ಇಳಿಸುವ ಗುರಿಯಿದೆ. ಅಂಕಿ ಸರಿಯೇ, ಸಾಧನೆಯೂ ನಿಜ. ಆದರೆ ಕನ್ನಡದಲ್ಲಿ ಜ್ವರದ ತೀವ್ರತೆ ಇಳಿಯಿತು, ಮಳೆಯ ತೀವ್ರತೆ ಇಳಿಯಿತು ಅಂದ್ರೆ ಜ್ವರವೇ ಇಳಿಯಿತು, ಮಳೆಯೇ ತಗ್ಗಿತು ಅಂತ ತಾನೇ? ಇಲ್ಲಿ ಇಳಿದಿರುವುದು ಒಂದು ರೂಪಾಯಿಯ ಜಿಡಿಪಿಗೆ ಎಷ್ಟು ಅನಿಲ ಅನ್ನುವ ಲೆಕ್ಕ. ಒಟ್ಟು ಅನಿಲ ಏರುತ್ತಲೇ ಬಂದಿದೆ. ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಸಮ ಮಾಡಿ ಹೇಳುವುದಾದರೆ 2000ದಲ್ಲಿ ಸುಮಾರು 152 ಕೋಟಿ ಟನ್, 2010ರಲ್ಲಿ 214 ಕೋಟಿ, 2016ರಲ್ಲಿ 284 ಕೋಟಿ, 2019ರಲ್ಲಿ 313 ಕೋಟಿ. 2020ರಲ್ಲಿ 296 ಕೋಟಿಗೆ ಇಳಿದದ್ದು ಲಾಕ್‌ಡೌನ್ ವರ್ಷ.

ನಮ್ಮ ರೈತರು ಇಳುವರಿಯನ್ನು ‘ಎಕರೆಗೆ ಇಷ್ಟು ಚೀಲ’ ಅಂತಾರೆ, ಅಲ್ವಾ? ಅಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಹಾಗೇ ‘ಜಿಡಿಪಿಯ ಲಕ್ಷ ರೂಪಾಯಿಗೆ ಇಷ್ಟು ಅನಿಲ’ ಅಂತ ಬಿಡಿಸಿ ಬರೆಯಬಹುದು. ಆದರೆ ಪಟದ ತಲೆಬರಹಕ್ಕೆ ಒಂದು ಚಿಕ್ಕ ಪದ ಬೇಕು. ‘ಜಿಲ್ಲಾವಾರು’ ಇದ್ದ ಹಾಗೆ ‘ರೂಪಾಯಿವಾರು ಹೊರಸೂಸುವಿಕೆ’ ಅಂದ್ರೆ ಕಿವಿಗೆ ಹೇಗೆ ಕೇಳುತ್ತದೆ? ‘ತಲಾ ಆದಾಯ’ದಲ್ಲಿ ತಲೆ ಲೆಕ್ಕ ಸಲೀಸಾಗಿ ಕೂತುಬಿಟ್ಟಿದೆ, ರೂಪಾಯಿ ಲೆಕ್ಕಕ್ಕೆ ಅಂಥದ್ದು ಸಿಗುತ್ತಿಲ್ಲ.

‘ನಿವ್ವಳ’ದ ವಿಷಯದಲ್ಲಿ ಈ ಕಷ್ಟ ಇಲ್ಲ. ನಿವ್ವಳ ಲಾಭ, ನಿವ್ವಳ ತೂಕ ಎಲ್ಲರ ಬಾಯಲ್ಲೂ ಇದೆ. ಕಾಡು, ಮರ ಹೀರಿಕೊಂಡದ್ದನ್ನು ಕಳೆದು ಉಳಿದದ್ದು ನಿವ್ವಳ. ತೊಂದರೆ ಏನಂದ್ರೆ ಬರೆಯುವವರು ಅದನ್ನು ಬಿಟ್ಟುಬಿಡುತ್ತಾರೆ. 2019ಕ್ಕಿಂತ 2020ರಲ್ಲಿ ಶೇ 7.93 ಇಳಿಕೆ ಅನ್ನುವುದು ನಿವ್ವಳದ ಲೆಕ್ಕ. ಕಾಡಿನ ಪಾಲು ಕಳೆಯದೆ ನೋಡಿದರೆ ಇಳಿಕೆ ಸುಮಾರು ಶೇ 5.5 ಮಾತ್ರ.

ಕೊನೆಗೆ ಒಂದು ಚಿಕ್ಕ ಪ್ರಶ್ನೆ. ಪಟದ ಇನ್ನೊಂದು ಬದಿಯಲ್ಲಿ ಉಸಿರಿಗೆ ಕೆಡುಕು ಮಾಡುವ ಮಾಲಿನ್ಯಕಾರಕಗಳ ಲೆಕ್ಕ ಬರುತ್ತದೆ: ಸೂಕ್ಷ್ಮ ಕಣ, ಗಂಧಕದ ಡೈಆಕ್ಸೈಡ್, ಹೀಗೆ. ಎರಡಕ್ಕೂ ‘ಹೊರಸೂಸುವಿಕೆ’ ಅಂತಲೇ ಬಳಸಬೇಕಾ? ಜನ ‘ಗಾಡಿಗೆ ಎಮಿಷನ್ ಮಾಡಿಸಬೇಕು’ ಅಂದಾಗ ಪೆಟ್ರೋಲ್ ಬೈಕಿನಲ್ಲಿ ನೋಡುವುದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಎಷ್ಟಿದೆ ಅಂತ. ಅದರಲ್ಲಿ ಪಾಸಾದ ಬೈಕು ಕೂಡ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟೇ ಬಿಡುತ್ತದೆ. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದಾಗ ಪೆಟ್ರೋಲ್, ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಇದರಿಂದ ಉಸಿರಿಗೆ ಲಾಭವಾಯಿತು, ಈ 2.3 ಕೆಜಿ ಮಾತ್ರ ಹಾಗೇ ಉಳಿಯಿತು. ಕಟ್ಟಿಗೆ ಒಲೆಯದು ತಿರುವುಮುರುವು. ಸೂಕ್ಷ್ಮ ಕಣದ ಪಟ್ಟಿಯಲ್ಲಿ ಅದು ದೇಶದ ದೊಡ್ಡ ಮೂಲಗಳಲ್ಲಿ ಒಂದು, ಹಸಿರುಮನೆ ಪಟ್ಟಿಯಲ್ಲಿ ಅದರ ಇಂಗಾಲದ ಡೈಆಕ್ಸೈಡನ್ನು ಒಟ್ಟು ಮೊತ್ತಕ್ಕೆ ಸೇರಿಸುವುದೇ ಇಲ್ಲ. ಹಾಗಾಗಿ ಒಂದು ಕಡೆ ‘ಹೊರಸೂಸುವಿಕೆ’, ಇನ್ನೊಂದು ಕಡೆ ‘ಹೊಗೆ-ದೂಳು’ ಅಂತ ಬೇರೆ ಮಾಡಿದರೆ ಒಳ್ಳೆಯದಾ?

ವಿದ್ಯುತ್ ಸ್ಥಾವರದಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ಕೆಲಸ ಮಾಡಿದವರು ಈ ಬಳಗದಲ್ಲಿ ಇದ್ದರೆ, ಅಲ್ಲಿ ನಿಮ್ಮ ಜೊತೆಯವರು ಈ ಲೆಕ್ಕಗಳಿಗೆ ಕನ್ನಡದಲ್ಲಿ ಏನನ್ನುತ್ತಿದ್ದರು ಅಂತ ದಯವಿಟ್ಟು ಬರೆಯಿರಿ. ‘ಹೊರಸೂಸುವಿಕೆ’ಯ ಬದಲು ಹಳೆಯ ಪಠ್ಯಪುಸ್ತಕಗಳ ‘ಉತ್ಸರ್ಜನೆ’ಯನ್ನೇ ಇಟ್ಟುಕೊಳ್ಳಿ ಅನ್ನುವವರು ಯಾಕೆ ಅಂತಲೂ ಹೇಳಿ.